ಸ್ಪೈಸರ್‌ಗೆ ಸೇರುವವರು ಮೊದಲು ಶನಿವಾರದ ಬಗ್ಗೆ ತಿಳಿದುಕೊಳ್ಳಿ

ಪುಣೆಯ ಸ್ಪೈಸರ್ ಅಡ್ವೆಂಟಿಸ್ಟ್ ಯೂನಿವರ್ಸಿಟಿ ಹೇಗಿದೆ ಅಂತ ನಮ್ಮ ಕಡೆಯವರು ಆಗಾಗ ಕೇಳುತ್ತಾರೆ, ಅದರಲ್ಲೂ ಹುಬ್ಬಳ್ಳಿ-ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮನೆಗಳವರು. ಅದನ್ನು ನಡೆಸೋದು ಸೆವೆಂತ್-ಡೇ ಅಡ್ವೆಂಟಿಸ್ಟ್ ಅನ್ನೋ ಕ್ರೈಸ್ತ ಸಭೆ. ನಾನು ಡಿಗ್ರಿ ಓದಿದ್ದು ಅಲ್ಲೇ. ಫೀಸು, ಕಟ್ಟಡ ಎಲ್ಲ ಆಮೇಲೆ ನೋಡಿ. ಮೊದಲು ಅಲ್ಲಿನ ವಾರ ಹೇಗೆ ಸಾಗುತ್ತದೆ ಅಂತ ತಿಳಿದುಕೊಳ್ಳಿ. ಆ ಜಾಗ ನಿಮಗೆ ಹಿಡಿಸುತ್ತೋ ಇಲ್ಲವೋ ಅನ್ನೋದು ಅದರ ಮೇಲೇ ನಿಂತಿದೆ.

ಅಡ್ವೆಂಟಿಸ್ಟರಿಗೆ ಶನಿವಾರವೇ ಸಬ್ಬತ್, ಅಂದರೆ ವಿಶ್ರಾಂತಿ ಮತ್ತು ಆರಾಧನೆಯ ದಿನ. ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗಿ ಶನಿವಾರ ಸೂರ್ಯ ಮುಳುಗುವವರೆಗೆ. ಆ ಹೊತ್ತಿನಲ್ಲಿ ಕ್ಲಾಸಿಲ್ಲ, ಪರೀಕ್ಷೆ ಇಲ್ಲ. ಬಟ್ಟೆ ಒಗೆಯೋದು, ಪೇಟೆಗೆ ಹೋಗಿ ಬರೋದು ಎಲ್ಲ ಶುಕ್ರವಾರ ಮಧ್ಯಾಹ್ನವೇ ಮುಗಿಸಿಕೊಳ್ಳಬೇಕು. ಭಾನುವಾರ ಆರಾಧನೆಗೆ ಹೋಗಿ ಬೆಳೆದ ನನಗೆ ಮೊದಮೊದಲು ವಾರದ ಲೆಕ್ಕವೇ ಸಿಗುತ್ತಿರಲಿಲ್ಲ. ಆಮೇಲೆ ಅಲ್ಲಿ ನನಗೆ ತುಂಬಾ ಇಷ್ಟವಾಗಿದ್ದೇ ಅದು. ಅಸೈನ್‌ಮೆಂಟು, ಇಂಟರ್ನಲ್ಸು ಯಾವುದನ್ನೂ ಮುಟ್ಟದೆ ಒಂದಿಡೀ ದಿನ ಸುಮ್ನೆ ಇರಬಹುದು, ಅದೂ ನಿಮಗೊಬ್ಬರಿಗಲ್ಲ, ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಒಟ್ಟಿಗೆ, ಹಾಗಾಗಿ ಹಿಂದೆ ಬೀಳುತ್ತೇನೆ ಅನ್ನೋ ಭಯವೇ ಇರುವುದಿಲ್ಲ. ಇನ್ನು ಹಾಡು! ಮಿಜೋರಾಂ, ಮಣಿಪುರ ಕಡೆಯ ಹುಡುಗ ಹುಡುಗಿಯರು ಅಲ್ಲಿ ಜಾಸ್ತಿ, ನಾಲ್ಕು ದನಿಯಲ್ಲಿ ಹಾಡೋದು ಅವರಿಗೆ ಚಿಕ್ಕಂದಿನಿಂದಲೇ ರೂಢಿ. ಅವರ ನಡುವೆ ನಿಂತು ಹಾಡಿದ ಮೇಲೆ ಆ ನಾಲ್ಕು ದನಿಗಳಲ್ಲಿ ಒಂದಾದ ಆಲ್ಟೊ ನನಗೂ ಬಂತು.

ಊಟದಲ್ಲಿ ಮಾಂಸ ಇಲ್ಲ. ಕುಡಿತ, ಸಿಗರೇಟಂತೂ ದೂರದ ಮಾತು. ಕಾಫಿ, ಟೀಯನ್ನೂ ಈ ಸಭೆ ಬೇಡ ಅನ್ನುತ್ತದೆ. ಬೆಳಿಗ್ಗೆ ಚಹಾ ಇಲ್ಲದೆ ಆಗೋದೇ ಇಲ್ಲ ಅನ್ನೋರು ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಆದರೆ ಅಲ್ಲಿನ ಬ್ರೆಡ್ಡು, ಪೀನಟ್ ಬಟರ್ ಪುಣೆಯಲ್ಲೆಲ್ಲ ಹೆಸರುವಾಸಿ, ನಿಜಕ್ಕೂ ಚೆನ್ನಾಗಿರುತ್ತವೆ. ಅದರ ಹಿಂದಿರೋದು ಓದಿನ ಜೊತೆ ಕೈಗೂ ಕೆಲಸ ಇರಬೇಕು ಅನ್ನೋ ಅಡ್ವೆಂಟಿಸ್ಟ್ ಶಾಲೆಗಳ ಹಳೆಯ ಪದ್ಧತಿ.

ನಮ್ಮವರಿಗೆ ಇನ್ನೊಂದು ವಿಷಯ ಗೊತ್ತಿರಲಿ. 1915ರಲ್ಲಿ ಕೊಯಮತ್ತೂರಿನಲ್ಲಿ ಶುರುವಾದ ಈ ಶಾಲೆ ಪುಣೆಗೆ ಹೋಗುವ ಮುಂಚೆ ವರ್ಷಗಟ್ಟಲೆ ಇದ್ದದ್ದು ನಮ್ಮ ಬೆಂಗಳೂರಿನ ಕೃಷ್ಣರಾಜಪುರದಲ್ಲಿ. ಅಲ್ಲಿ ಈಗಲೂ ಇದೇ ಸಭೆಯ ಲೌರಿ ಅನ್ನೋ ಶಿಕ್ಷಣ ಸಂಸ್ಥೆ ಇದೆ. ಯೂನಿವರ್ಸಿಟಿ ಆಗಿದ್ದು ಮಾತ್ರ 2014ರಲ್ಲಿ, ಮಹಾರಾಷ್ಟ್ರ ಸರ್ಕಾರದ ಕಾಯ್ದೆಯಿಂದ.

ಸಣ್ಣ ಜಾಗ, ಹಾಗಾಗಿ ಮೇಷ್ಟ್ರುಗಳಿಗೆ ನಿಮ್ಮ ಹೆಸರು, ಊರು, ಮನೆಯ ಕಷ್ಟ ಎಲ್ಲ ಗೊತ್ತಿರುತ್ತದೆ. ನನಗೆ ಜ್ವರ ಬಂದಾಗ ನಮ್ಮ ಮೇಡಂ ಒಬ್ಬರು ಹಾಸ್ಟೆಲಿಗೇ ಗಂಜಿ ತಂದುಕೊಟ್ಟಿದ್ದರು, ಅದನ್ನು ಮರೆಯೋಕಾಗುತ್ತಾ? ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳದೆ ಇರಬೇಕು ಅನ್ನೋರಿಗೆ ಇದೇ ಹಿಂಸೆ ಆಗಬಹುದು. ನಾನಂತೂ ನನ್ನ ತಂಗಿಯನ್ನು ಧೈರ್ಯವಾಗಿ ಕಳಿಸುತ್ತೇನೆ.

ಸೇರುವ ಮೊದಲು ಎರಡು ಕೆಲಸ ಮಾಡಿ. ಯಾವ ಖಾಸಗಿ ಯೂನಿವರ್ಸಿಟಿ ಆದರೂ ಅಷ್ಟೇ, ನಿಮ್ಮ ಕೋರ್ಸಿಗೆ ಬೇಕಾದ ಮಾನ್ಯತೆಯ ಪತ್ರ ಕೇಳಿ ನೋಡಿ, ಬಿ.ಎಡ್‌ಗೆ ಎನ್‌ಸಿಟಿಇ (ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವ ಕೇಂದ್ರದ ಮಂಡಳಿ) ಪತ್ರ ಇದ್ದ ಹಾಗೆ. ಆಮೇಲೆ ಒಂದು ಶುಕ್ರವಾರ ಮಗನನ್ನೋ ಮಗಳನ್ನೋ ಕರೆದುಕೊಂಡು ಪುಣೆಗೆ ಹೋಗಿ, ಶನಿವಾರ ಸಂಜೆಯವರೆಗೆ ಇದ್ದು ಬನ್ನಿ.