ನಾಲ್ಕು ಮಳೆಗಾಲ ಕಂಡ ರಿಸೀವರ್

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಿಟಕಿ ತೆಗೆದರೆ ಉಪ್ಪುಗಾಳಿ ನೇರ ಹಾಲ್‌ಗೇ ಬರುತ್ತದೆ. ಅದೇ ಹಾಲ್‌ನಲ್ಲಿ 43 ಇಂಚಿನ ಟಿವಿಗೆ ಒಂದು 5.1 ರಿಸೀವರ್ (ಸದ್ದನ್ನು ಐದು ಸ್ಪೀಕರಿಗೂ ದಪ್ಪ ಸದ್ದಿನ ಒಂದು ಸಬ್‌ವೂಫರಿಗೂ ಹಂಚುವ ಡಬ್ಬಿ) ಜೋಡಿಸಿ ನಾಲ್ಕು ಮಳೆಗಾಲ ಕಳೆದವು. ಕಂಪನಿ ಹೆಸರು ಬೇಡ. ನಾನು ಪಟ್ಟ ಪಾಡು ಯಾವ ಕಂಪನಿಯ ಡಬ್ಬಿ ತಂದಿದ್ದರೂ ತಪ್ಪುತ್ತಿರಲಿಲ್ಲ. ಸದ್ದಿಗೆ ಐದಕ್ಕೆ ಐದು ಕೊಡುತ್ತೇನೆ. ಟಿವಿಗೆ ಜೋಡಿಸುವ ರಗಳೆಗೆ ಮಾತ್ರ ಮೂರೇ.

ಹಾಕಿಕೊಡಲು ಬಂದ ಹುಡುಗ ಅರ್ಧ ಗಂಟೆಯಲ್ಲಿ ವಯರ್ ಎಳೆದು, ಚಾ ಕುಡಿದು ಹೋದ. ರಾತ್ರಿ ಟಿವಿ ಹಚ್ಚಿದರೆ ಸದ್ದು ಟಿವಿಯಿಂದಲೇ ಬರ್ತಿದೆ, ಐದು ಸ್ಪೀಕರ್ ಸುಮ್ನೆ ಕೂತಿವೆ. ಟಾರ್ಚ್ ಹಿಡಿದು ಟಿವಿಯ ಹಿಂದೆ ತಲೆ ತೂರಿಸಿದೆ. ಮೂರು ಎಚ್‌ಡಿಎಂಐ ತೂತು, ಕೇಬಲ್ ಇದ್ದದ್ದು ಒಂದನೆಯದರಲ್ಲಿ. 'ಎಆರ್‌ಸಿ' ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದು ಎರಡನೆಯದರ ಪಕ್ಕ! ರಿಸೀವರ್ ಕಡೆಯೂ ಹಾಗೆಯೇ. ಸಾಲಾಗಿರುವ 'ಇನ್'ಗಳಲ್ಲಿ ಅಲ್ಲ, ಬೇರೆಯಾಗಿರುವ 'ಔಟ್'ನಲ್ಲೇ ಚುಚ್ಚಬೇಕು. ಹೆಸರು ಔಟ್ ಆದರೂ ಟಿವಿಯ ಸದ್ದು ಒಳಗೆ ಬರೋದು ಅದರಲ್ಲೇ. ಚಿತ್ರ ಹೋಗುವ ದಾರಿಯಲ್ಲೇ ಸದ್ದು ವಾಪಸ್ ಬರುವ ಈ ಏರ್ಪಾಡೇ ಎಆರ್‌ಸಿ, ಇದು 2009ರ ಎಚ್‌ಡಿಎಂಐ 1.4ರಿಂದಲೂ ಇದೆ. ಮತ್ತೆ ಮೆನುವಿಗೆ ಹೋಗಿ ಎರಡೂ ಕಡೆ ಸಿಇಸಿ (ಒಂದೇ ರಿಮೋಟಿನ ಮಾತು ಎರಡೂ ಕೇಳುವ ಸೌಲಭ್ಯ) ಆನ್ ಮಾಡಬೇಕು. ಅದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ, ಹುಡುಕಿಕೊಳ್ಳಿ.

ಸದ್ದು ಬಂತು, ಖುಷಿಯಾಯಿತು. ಆದರೆ ಮೊದಲ ಆರು ತಿಂಗಳು ನಾನು ಕೇಳಿದ್ದು ಐದು ಚಾನೆಲ್ ಅಲ್ಲವೇ ಅಲ್ಲ. ಟಿವಿಯ ಆಡಿಯೊ ಸೆಟ್ಟಿಂಗ್ 'ಪಿಸಿಎಂ'ನಲ್ಲಿತ್ತು, ಅಂದರೆ ಸದ್ದನ್ನು ಕುಗ್ಗಿಸದೆ ಕಳಿಸುವ ಬಗೆ. ಎಆರ್‌ಸಿಯಲ್ಲಿ ಪಿಸಿಎಂ ಅಂದರೆ ಬರೋದು ಎರಡೇ ಚಾನೆಲ್. ಅದನ್ನೇ ರಿಸೀವರ್ ಐದಕ್ಕೂ ಹಂಚುತ್ತಿತ್ತು. ಹಿಂದಿನ ಸ್ಪೀಕರಲ್ಲೂ ಸದ್ದು ಬರುವಾಗ ಅನುಮಾನ ಹೇಗೆ ಬರಬೇಕು ಹೇಳಿ? ಒಂದು ದಿನ ಧೂಳು ಒರೆಸುವಾಗ ರಿಸೀವರ್ ಮುಖದ ಮೇಲೆ ಪಿಸಿಎಂ ಎಂದು ಮಿನುಗುವುದು ಕಣ್ಣಿಗೆ ಬಿತ್ತು. ಸೆಟ್ಟಿಂಗ್ 'ಆಟೋ'ಗೆ ತಂದ ಕೂಡಲೇ ಡಾಲ್ಬಿ ಡಿಜಿಟಲ್ ಎಂದು ಬಂತು, ಅಂದರೆ ಎಲ್ಲ ಚಾನೆಲ್‌ಗಳನ್ನೂ ಕುಗ್ಗಿಸಿ ಕಳಿಸುವ ಬಗೆ. ಆ ಸಂಜೆ ಸಿನಿಮಾದಲ್ಲಿ ಮಳೆ ಸುರಿದಾಗ ಆಯಿ ಎದ್ದು ಹಿತ್ತಲ ಬಾಗಿಲು ನೋಡಿ ಬಂದಳು. ಅರಿವೆ ಒಣಗಲು ಹಾಕಿದ್ದಳು.

ಅಪ್ಪನದು ಬೇರೆ ತಕರಾರು. ಅವರು ಹೊನ್ನಾವರ ಕಡೆಯವರು, ಯೂಟ್ಯೂಬಿನಲ್ಲಿ ಯಕ್ಷಗಾನ ಬಿಟ್ಟರೆ ಮತ್ತೇನೂ ನೋಡುವುದಿಲ್ಲ. "ಚಂಡೆ ಒಂದೇ ಬಡೀತು, ಪದ್ಯವೇ ಕೇಳ್ತಿಲ್ಲೆ ತಮಾ" ಎಂದರು. ಎಷ್ಟೋ ಆಟಗಳನ್ನು ಯಾರೋ ಮೊಬೈಲಲ್ಲಿ ಹಿಡಿದಿರುತ್ತಾರೆ, ಸದ್ದು ಹೆಚ್ಚುಕಡಿಮೆ ಮೋನೊ. ಸರೌಂಡ್ ಮೋಡ್ ಅದನ್ನೆಲ್ಲ ನಡುವಿನ ಒಂದೇ ಸ್ಪೀಕರಿಗೆ ತುರುಕುತ್ತದೆ. ಚಂಡೆ, ಮದ್ದಳೆ, ಭಾಗವತರು ಮೂವರೂ ಒಂದೇ ಚಾಪೆ ಮೇಲೆ ಮಲಗಿದ ಹಾಗೆ. ಮೋಡ್ 'ಸ್ಟೀರಿಯೊ'ಗೆ ಹಾಕಿ, ಸಬ್‌ವೂಫರ್ ತಗ್ಗಿಸಿದೆ. ಪದ್ಯ ಬಿಡಿಸಿ ಕೇಳತೊಡಗಿತು. ಹೊಸತು ತಂದವರು ಯಕ್ಷಗಾನಕ್ಕೂ ಸರೌಂಡ್ ಹಾಕಿ ಕೂರುತ್ತಾರೆ, ಬೇಡ ಮಾರಾಯ್ರೆ.

ಅಂಗಡಿಯಲ್ಲಿ ಇಎಆರ್‌ಸಿ (ಎಆರ್‌ಸಿಯ ಹೊಸ, ಹೆಚ್ಚು ಸಾಮರ್ಥ್ಯದ ರೂಪ) ಇರುವ ದುಬಾರಿ ಮಾಡೆಲ್ ತೋರಿಸಿದರೆ ಹೆದರಬೇಡಿ. ಬ್ಲೂ-ರೇ ಡಿಸ್ಕಿನ ಕುಗ್ಗಿಸದ ಸದ್ದು ಟಿವಿಯ ಮೂಲಕವೇ ಬರಬೇಕು ಅನ್ನುವವರಿಗೆ ಅದು ಬೇಕು. ಪ್ಲೇಯರನ್ನು ನೇರ ರಿಸೀವರಿಗೇ ಚುಚ್ಚಿದರೆ ಅದೂ ಬೇಡ. ಒಟಿಟಿಗೆ ಹಳೆಯ ಎಆರ್‌ಸಿ ಧಾರಾಳ ಸಾಕು.

ಇನ್ನು ನಮ್ಮೂರಿನ ಮಳೆಗಾಲ. ಆಷಾಢದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಟಿವಿಗೂ ರಿಸೀವರಿಗೂ ಮಾತು ಬಿಡುತ್ತದೆ, ಸದ್ದು ಮತ್ತೆ ಟಿವಿಯದ್ದೇ. ಎರಡರ ಪ್ಲಗ್ಗೂ ಗೋಡೆಯಿಂದ ಕಿತ್ತು, ಎರಡು ಮೂರು ನಿಮಿಷ ಬಿಟ್ಟು ಹಾಕಿದರೆ ರಾಜಿ. ಎರಡನೇ ವರ್ಷ ಬಲಗಡೆ ಸ್ಪೀಕರ್ ಕರಕರ ಅನ್ನತೊಡಗಿತು. ರಿಸೀವರೇ ಹೋಯಿತು ಅಂದುಕೊಂಡೆ. ಹಿಂದಿನ ತಿರುಪು ಬಿಚ್ಚಿದರೆ ತಾಮ್ರದ ತಂತಿಗೆ ದೇವರ ಮನೆಯ ಹಳೇ ಹರಿವಾಣದ ಹಾಗೆ ಹಸಿರು ಕಿಲುಬು. ಒಂದಿಂಚು ಕತ್ತರಿಸಿ ಹೊಸ ತಂತಿ ಬಿಡಿಸಿ ಬಿಗಿದೆ, ಸರಿಹೋಯಿತು. ಈಗ ವರ್ಷವೂ ದೀಪಾವಳಿ ಹೊತ್ತಿಗೆ ಇದೊಂದು ಕೆಲಸ. ಶೋಕೇಸಿನ ಗಾಜಿನ ಒಳಗಿಂದಲೂ ರಿಸೀವರನ್ನು ಹೊರಗೆ ತಂದಿದ್ದೇನೆ. ಅದು ಬಿಸಿಯಾಗುವ ಡಬ್ಬಿ, ಮೇಲೆ ಒಂದು ಗೇಣು ಜಾಗ ಬೇಕು.

ಮೂರನೇ ವರ್ಷ ಮೇ ತಿಂಗಳಲ್ಲಿ ಸಿಡಿಲು. ಪ್ಲಗ್ ಎಲ್ಲ ಕಿತ್ತಿದ್ದೆ, ಡಿಶ್‌ನಿಂದ ಬರುವ ಕೇಬಲ್ ಮರೆತಿದ್ದೆ. ಸೆಟ್‌ಟಾಪ್ ಬಾಕ್ಸ್ ಹೋಯಿತು, ಟಿವಿಯ ಆ ಎರಡನೇ ತೂತೂ ಹೋಯಿತು. ರಿಸೀವರ್ ಪುಣ್ಯಕ್ಕೆ ಉಳಿಯಿತು. ರಿಪೇರಿಯವನು ಬೋರ್ಡೇ ಬದಲಿಸಬೇಕು ಎಂದು ಹೇಳಿದ ರೇಟಿಗೆ ಅರ್ಧ ಟಿವಿ ಬರುತ್ತಿತ್ತು. ಬೇಡ ಎಂದು ಒಂದು ಆಪ್ಟಿಕಲ್ ಕೇಬಲ್ ತಂದು ಹಾಕಿದೆ. ಅದರಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ. ಆ ದಾರಿಯಲ್ಲಿ ಸಿಡಿಲು ದಾಟುವುದಿಲ್ಲ. 5.1 ಡಾಲ್ಬಿ ಡಿಜಿಟಲ್ ಕೂಡ ಬರುತ್ತದೆ, ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಿಲ್ಲ.

ಕೊರತೆ ಒಂದೇ. ಆಪ್ಟಿಕಲ್‌ನಲ್ಲಿ ಸಿಇಸಿ ಇಲ್ಲ, ಟಿವಿ ರಿಮೋಟಿನಿಂದ ರಿಸೀವರಿನ ಸದ್ದು ಏರಿಸೋಕಾಗಲ್ಲ. ಮತ್ತೆ ಎರಡು ರಿಮೋಟ್. ಆಯಿ ಒಂದು ವಾರ ಬೈದಳು. ಆಮೇಲೆ ಸದ್ದಿನ ರಿಮೋಟಿಗೆ ಮಲ್ಲಿಗೆ ಮಾಲೆಯ ಬಾಳೆನಾರು ಸುತ್ತಿ ಗುರುತು ಮಾಡಿಕೊಂಡಿದ್ದಾಳೆ.