ಮನೆ ಗುತ್ತಿಗೆಯ ತಕರಾರಿಗೆ ಧಾರವಾಡ ಜಿಲ್ಲಾ ಗ್ರಾಹಕ ಆಯೋಗ: ಹೋಗಬಹುದಾ?

ಹೋಗಬಹುದು, ಕಾಗದಪತ್ರ ಗಟ್ಟಿ ಇದ್ದರೆ. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆಗೆ ರೇರಾ (ಬಿಲ್ಡರುಗಳ ಯೋಜನೆಗಳಿಗಿರುವ ರಿಯಲ್ ಎಸ್ಟೇಟ್ ಕಾಯ್ದೆ) ಬರುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಮಾತ್ರ ಮನೆ ನಿರ್ಮಾಣವನ್ನೂ ಸೇವೆಯೆಂದೇ ಹೇಳಿದೆ. ಖರ್ಚಿನ ವಿಷಯದಲ್ಲಿ ಈ ಆಯೋಗಕ್ಕೆ ಪೂರ್ತಿ ಅಂಕ: ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 20ರಿಂದ 50 ಲಕ್ಷದವರೆಗೆ 1,000 ರೂಪಾಯಿ. ಲೆಕ್ಕಕ್ಕೆ ಬರುವುದು ಕೊಟ್ಟ ಹಣ. ಕರಾರು 60 ಲಕ್ಷದ್ದಿದ್ದು ಕೊಟ್ಟಿದ್ದು 45 ಆಗಿದ್ದರೆ, ಅದು 50 ಲಕ್ಷದೊಳಗೇ ಇರುವುದರಿಂದ ಜಿಲ್ಲಾ ಆಯೋಗವೇ ಸಾಕು. ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಹಾಕಬಹುದು, ವಕೀಲರು ಕಡ್ಡಾಯವಲ್ಲ. ವ್ಯಾಪಾರಕ್ಕೆಂದು ಕಟ್ಟಿಸಿದ ಕಾಂಪ್ಲೆಕ್ಸಾದರೆ ಇಲ್ಲಿ ನಿಲ್ಲುವುದು ಕಷ್ಟ.

ಸೋಲುವುದು ಪುರಾವೆಯಲ್ಲಿ. ಗುತ್ತಿಗೆದಾರರ ಮೊದಲ ಉತ್ತರ ಗೊತ್ತಿದ್ದದ್ದೇ: "ಯರಿ ಮಣ್ರೀ, ನಾವೇನ್ ಮಾಡೂಣು?" ಯರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆಂದು ಈ ಭಾಗದ ಪ್ರತಿ ಗೌಂಡಿಗೂ ಗೊತ್ತು. ಗೊತ್ತಿದ್ದೂ ಗಟ್ಟಿ ನೆಲ ಸಿಗುವ ಮೊದಲೇ ಪಾಯಾ ನಿಲ್ಲಿಸಿದ್ದರೆ ತಪ್ಪು ಮಣ್ಣಿನದಲ್ಲ. ಅದನ್ನು ತೋರಿಸಲು ಪಾಯದ ಪಕ್ಕ ಗುಂಡಿ ತೋಡಿಸಿ, ಆಳವನ್ನೂ ಅಡಿಯ ಮಣ್ಣಿನ ಬಗೆಯನ್ನೂ ಎಂಜಿನಿಯರ್ ಕೈಯಿಂದ ಬರೆಸಬೇಕು. ಬಿರುಕಿನ ರೂಪವೂ ಸಾಕ್ಷಿಯೇ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ ಪಾಯ ಕದಲಿದೆಯೆಂಬ ಅನುಮಾನ ಬಲವಾಗುತ್ತದೆ. ಗಿಲಾಯಿಯ (ಪ್ಲಾಸ್ಟರಿನ) ಮೇಲೆ ಬಲೆಯಂತೆ ಹರಡಿದ ಕೂದಲೆಳೆಯಂಥ ಗೆರೆಗಳು ಬಹುತೇಕ ಗಿಲಾಯಿಯವೇ. ಅವನ್ನು ಹಿಡಿದು ಲಕ್ಷಗಟ್ಟಲೆ ಪರಿಹಾರ ಕೇಳಿದರೆ ನಿಜವಾದ ದೋಷದ ಮಾತಿಗೂ ಬೆಲೆ ಹೋಗುತ್ತದೆ.

ಕಾಂಕ್ರೀಟಿನ ಬಲದ ಬಗ್ಗೆ ತಕರಾರಿದ್ದರೆ ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ತಟ್ಟಿ ಬಲ ಅಂದಾಜಿಸುವ ಸಾಧನ) ವರದಿಯೊಂದನ್ನೇ ನಂಬಬೇಡಿ, ಅದರ ಅಂದಾಜು ಶೇ. 25ರಷ್ಟು ಆಚೀಚೆ ಆಗಬಹುದು. ಕನಿಷ್ಠ ಮೂರು ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ತುಂಡು) ತೆಗೆಸಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಎಂ20 ದರ್ಜೆಯ ಕಾಂಕ್ರೀಟಿಗೆ ಅವುಗಳ ಬಲದ ಸರಾಸರಿ ಪ್ರತಿ ಚದರ ಮಿ.ಮೀ.ಗೆ 17 ನ್ಯೂಟನ್ ಇರಬೇಕು, ಒಂದೂ 15ಕ್ಕಿಂತ ಇಳಿಯಬಾರದು. ಆಗ ಬರುವ ಮುಂದಿನ ಉತ್ತರ, ಮಾಲೀಕರು ಸರಿಯಾಗಿ ನೀರುಣಿಸಲಿಲ್ಲ ಎನ್ನುವುದು. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಅದು ಯಾರ ಹೊಣೆ ಎಂದು ಕರಾರಿನಲ್ಲಿ ಒಂದು ಸಾಲು ಇರಲೇಬೇಕು. ಬರೀ ಕೂಲಿ ಗುತ್ತಿಗೆಯಾಗಿ ಸಿಮೆಂಟು, ಕಬ್ಬಿಣ ನೀವೇ ತಂದಿದ್ದರೆ ಸಾಮಾನಿನ ದೋಷವನ್ನು ಅವರ ತಲೆಗೆ ಕಟ್ಟಲಾಗದು.

ವೇಗಕ್ಕೆ ಅಂಕ ಕಡಿಮೆ. ಕಾಯ್ದೆ ಹೇಳುವುದು 3 ತಿಂಗಳು, ಪರೀಕ್ಷೆ ಬೇಕಿದ್ದರೆ 5. ಕಟ್ಟಡದ ಕೇಸು ಅಷ್ಟರಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕಬೇಡಿ. ಎದುರಾಳಿಯ ಉತ್ತರಕ್ಕೆ ಮಾತ್ರ ಬಿಗಿ ಇದೆ: 30 ದಿನ, ಮೇಲೆ ಹೆಚ್ಚೆಂದರೆ 15. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ ಕನಿಷ್ಠ 25,000 ದಂಡ, ಅಥವಾ ಎರಡೂ; ಗೆದ್ದ ಮೇಲೆ ಹಣ ಕೈಗೆ ಬರಲು ಇದೇ ದೊಡ್ಡ ಬಲ.

ದೂರಿಗೆ ವ್ಯಾಜ್ಯ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು. "ಈ ಮಳಿಗಾಲ ಮುಗೀಲಿ, ರಿಪೇರಿ ಮಾಡಿ ಕೊಡ್ತೀವಿ" ಎಂಬ ಮಾತಿನಲ್ಲೇ ಅದು ಕಳೆದುಹೋಗುತ್ತದೆ. ಬಿರುಕು ಕಂಡ ಕೂಡಲೇ ದೋಷಗಳ ಪಟ್ಟಿ ಸಮೇತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ. ದೂರಿನ ಜೊತೆಗೇ ಸ್ಥಳಕ್ಕೆ ಬಂದು ನೋಡಿ ಆಯೋಗಕ್ಕೆ ವರದಿ ಕೊಡುವ ಕಮಿಷನರ್ ನೇಮಕಕ್ಕೂ ಅರ್ಜಿ ಹಾಕಿ, ಅವರು ನೋಡಿ ಹೋಗುವತನಕ ಆ ಗೋಡೆಗೆ ಪುಟ್ಟಿ ಹಚ್ಚಿಸಬೇಡಿ.