ಟಬಾಸ್ಕೊ, ಕ್ರಿಸ್ಟಲ್, ಮೆಣಸಿನ ವಿನೆಗರ್: ಯಾವ ಅಡುಗೆಗೆ ಯಾವುದು?

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸೋಮವಾರ ಅಂದ್ರೆ ರೆಡ್ ಬೀನ್ಸ್ ಮತ್ತು ಅನ್ನ. ಹಿಂದೆ ಅದು ಬಟ್ಟೆ ಒಗೆಯುವ ದಿನ. ಕೆಲಸದ ನಡುವೆ ಕಾಳು ತಾನಾಗಿ ಬೇಯುತ್ತಿತ್ತು. ಈ ಊರಿಗೆ ಬಂದ ಮೇಲೆ ನಾನೂ ಮಾಡಲು ಶುರುಮಾಡಿದೆ. ಆದರೆ ಯಾವ ಖಾರದ ಸಾಸ್ ಹಾಕೋದು ಅನ್ನೋದು ಬಗೆಹರಿಯಲಿಲ್ಲ. ಕೊನೆಗೆ ಬೆಂದ ಬೀನ್ಸನ್ನು ಎರಡು ಪಾತ್ರೆಗೆ ಹಂಚಿದೆ. ಒಂದಕ್ಕೆ ಎರಡು ಟೀ ಚಮಚ ಟಬಾಸ್ಕೊ, ಇನ್ನೊಂದಕ್ಕೆ ಅಷ್ಟೇ ಕ್ರಿಸ್ಟಲ್ ಹಾಕಿ, ಸಣ್ಣ ಉರಿಯಲ್ಲಿ ಇನ್ನೂ 15 ನಿಮಿಷ ಇಟ್ಟೆ.

ಟಬಾಸ್ಕೊ ಹಾಕಿದ್ದರಲ್ಲಿ ಹುಳಿಯೇ ಮುಂದೆ ಬಂತು. ಖಾರ ಗಂಟಲಿಗೆ ಹತ್ತಿತು. ಕ್ರಿಸ್ಟಲ್ ಹಾಕಿದ್ದು ಮೆತ್ತಗಿತ್ತು, ಮೆಣಸಿನಕಾಯಿಯ ರುಚಿ ಕಾಳಿನ ಜೊತೆ ಸೇರಿಹೋಗಿತ್ತು. ಬಾಟಲಿ ತಿರುಗಿಸಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಟಬಾಸ್ಕೊ ಪಟ್ಟಿಯಲ್ಲಿ ಮೊದಲು ವಿನೆಗರ್. ಕ್ರಿಸ್ಟಲ್‌ನಲ್ಲಿ ಮೊದಲು ಕೆಯೆನ್ ಮೆಣಸಿನಕಾಯಿ.

ಟಬಾಸ್ಕೊ ಕಡಿಮೆ ಅಂತ ಖಂಡಿತ ಅಲ್ಲ. ಲೂಸಿಯಾನಾದ ಏವರಿ ಐಲೆಂಡ್‌ನಲ್ಲಿ 1868ರಿಂದ ಮಾಡುತ್ತಿದ್ದಾರೆ. ರುಬ್ಬಿದ ಹಣ್ಣು ಮೆಣಸಿನಕಾಯಿಗೆ ಉಪ್ಪು ಬೆರೆಸಿ, ವಿಸ್ಕಿ ಇಟ್ಟಿದ್ದ ಓಕ್ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಮಾಗಿಸುತ್ತಾರೆ. ಆ ಮಾಗಿದ ಘಮ ಕುದಿಸಿದರೆ ಹೋಗಿಬಿಡುತ್ತದೆ. ಅದಕ್ಕೇ ಅದನ್ನು ತಟ್ಟೆಯಲ್ಲಿ, ಬಿಸಿ ಗಂಬೋ (ಇಲ್ಲಿನ ಗಟ್ಟಿ ಸಾರು) ಮೇಲೆ ನಾಲ್ಕೈದು ಹನಿ ಹಾಕಿಕೊಳ್ಳಬೇಕು. ಪಾತ್ರೆಗೆ ನನ್ನ ಆಯ್ಕೆ ಕ್ರಿಸ್ಟಲ್. ಅದರಲ್ಲಿ ಉಪ್ಪು ಜಾಸ್ತಿ, ಹಾಗಾಗಿ ಬೀನ್ಸ್‌ಗೆ ಉಪ್ಪನ್ನು ಕೊನೆಗೆ ರುಚಿ ನೋಡಿ ಹಾಕಿ.

ಫ್ರೈಡ್ ಚಿಕನ್‌ಗೂ ಕ್ರಿಸ್ಟಲ್ಲೇ. ಎರಡು ಕಪ್ ಮಜ್ಜಿಗೆಗೆ ಕಾಲು ಕಪ್ ಬೆರೆಸಿ, ಕೋಳಿಯನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ.

ಇನ್ನು ಕಾಲರ್ಡ್ ಸೊಪ್ಪು, ಎಲೆಕೋಸಿನ ಜಾತಿಯ ಅಗಲ ಎಲೆ. ಇಲ್ಲಿ ಎರಡು ಕೆಂಪು ಸಾಸೂ ಸೋತವು. ಹೊಗೆಗಿಟ್ಟ ಟರ್ಕಿ ಕೋಳಿ ಮಾಂಸದ ಜೊತೆ ಒಂದು ಗಂಟೆ ಬೆಂದ ಸೊಪ್ಪಿನ ನೀರನ್ನು ಇಲ್ಲಿಯವರು ಪಾಟ್‌ಲಿಕ್ಕರ್ ಅನ್ನುತ್ತಾರೆ. ಬಸ್ಸಾರಿಗೆ ನಾವು ಕಟ್ಟು ಎತ್ತಿಡೋ ಹಾಗೆ ಇವರೂ ಅದನ್ನು ಚೆಲ್ಲುವುದಿಲ್ಲ, ಕಾರ್ನ್‌ಬ್ರೆಡ್ (ಮೆಕ್ಕೆಜೋಳದ ಹಿಟ್ಟಿನ ಬ್ರೆಡ್) ಅದ್ದಿ ತಿನ್ನುತ್ತಾರೆ. ಕೆಂಪು ಸಾಸ್ ಹಾಕಿದರೆ ಸೊಪ್ಪಿನ ಆ ಸಣ್ಣ ಕಹಿ, ಹೊಗೆ ವಾಸನೆ ಎರಡೂ ಮುಚ್ಚಿಹೋಗುತ್ತವೆ. ಇದಕ್ಕೆ ಅಮೆರಿಕದ ದಕ್ಷಿಣ ಭಾಗದ ಮನೆಗಳಲ್ಲಿ ಮೇಜಿನ ಮೇಲಿರುವ ಮೆಣಸಿನ ವಿನೆಗರ್ರೇ ಸರಿ. ಮಾಡೋದು ಸುಲಭ. ಹಸಿಮೆಣಸಿನಕಾಯಿ ತೊಳೆದು, ಪೂರ್ತಿ ಒರೆಸಿ, ಒಂದೆರಡು ಕಡೆ ಚುಚ್ಚಿ ಬಾಟಲಿಗೆ ತುಂಬಿ. ಉಪ್ಪು ಹಾಕಿ ಕಾಯಿಸಿದ ವಿನೆಗರ್ ಸುರಿದು, ಆರಿದ ಮೇಲೆ ಎರಡು ವಾರ ಫ್ರಿಜ್‌ನಲ್ಲಿಡಿ.

ಬಾಟಲಿ ಅರ್ಧಕ್ಕೆ ಇಳಿದಾಗ ಮತ್ತೆ ವಿನೆಗರ್ ತುಂಬಬಹುದು. ನಮ್ಮನೆಯದ್ದು ಈಗ ಎರಡನೇ ಸುತ್ತು. ಖಾರ ಸ್ವಲ್ಪ ತಗ್ಗಿದೆ, ಆದರೆ ಸೊಪ್ಪಿಗೆ ಇದೇ ಇನ್ನೂ ಚೆನ್ನಾಗಿ ಹೊಂದುತ್ತಿದೆ.